ತೆಗೆದು ನೋಡದ ಹಗೇವು

ಹಗೇವು ಅಂದರೆ ಈಗಿನ ಹುಡುಗರಿಗೆ ಬಿಡಿಸಿ ಹೇಳಬೇಕು. ನೆಲದೊಳಗೆ ತೋಡಿದ ಕಣಜ ಅದು. ಬಾಯಿ ಕಿರಿದು, ಹೊಟ್ಟೆ ಅಗಲ. ತಳಕ್ಕೂ ಮಗ್ಗುಲಿಗೂ ಹುಲ್ಲು ಹೊದಿಸಿ, ಚೀಲಗಟ್ಟಲೆ ಜೋಳ ಸುರಿದು, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ಮುಗಿಯಿತು. ಒಳಗಿನ ಕಾಳು, ಹುಳ ಎಲ್ಲ ಉಸಿರಾಡಿ ಆಮ್ಲಜನಕ ಕಡಿಮೆಯಾಗುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ, ಹುಳ ಸಾಯುತ್ತದೆ. ಆದರೆ ಆ ಗಾಳಿ ಅವಸರದಲ್ಲಿ ಇಳಿದ ಮನುಷ್ಯನನ್ನೂ ಬಿಡುವುದಿಲ್ಲ. ಅದಕ್ಕೇ ಬಾಯಿ ತೆರೆದ ಮೇಲೆ ಹೊತ್ತು ಕಾದು, ಕಂದೀಲು ಇಳಿಬಿಟ್ಟು, ದೀಪ ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. ತುಂಬಲಿಕ್ಕೆ ಯಾರಾದರೂ ಆದೀತು. ತೆಗೆಯಲಿಕ್ಕೆ ತಿಳಿದವರೇ ಬೇಕಾಗಿತ್ತು.

ಮನೆ ಕಂಪ್ಯೂಟರಿಗೆ ಯಾವ ಬ್ಯಾಕಪ್ ಸಾಫ್ಟ್‌ವೇರ್ ಒಳ್ಳೆಯದು ಎಂದು ಕೇಳಿದವರಿಗೆಲ್ಲ ನಾನು ಈ ಹಗೇವಿನ ಮಾತನ್ನೇ ಮೊದಲು ಹೇಳುತ್ತೇನೆ. ಪೆಟ್ಟಿಗೆಯ ಮೇಲೆ ಬರೆದಿರುವುದೆಲ್ಲ ತುಂಬುವ ವಿಷಯ: ಎಷ್ಟು ವೇಗ, ಎಷ್ಟು ಜಿ.ಬಿ., ಎಷ್ಟು ಹೊತ್ತಿಗೊಮ್ಮೆ. ತೆಗೆಯುವ ವಿಷಯ ಯಾರೂ ಬರೆಯುವುದಿಲ್ಲ. ಈ ಬುದ್ಧಿ ನನಗೆ ಪುಕ್ಕಟೆ ಬಂದದ್ದಲ್ಲ.

ಉಜ್ಜಿನಿಯ ನಮ್ಮ ಮನೆಯಲ್ಲಿ ಅಪ್ಪಾಜಿ ಮೇಷ್ಟರಿಕೆಯಿಂದ ನಿವೃತ್ತರಾದ ಮೇಲೆ ಒಂದು ಹಳೇ ಡೆಸ್ಕ್‌ಟಾಪ್ ಮುಂದೆ ಕೂತು ಮರುಳಸಿದ್ಧೇಶ್ವರ ಗುಡಿಯ ಬಗ್ಗೆ, ಊರ ಬಗ್ಗೆ, ನುಡಿ ತಂತ್ರಾಂಶದಲ್ಲಿ ಟೈಪು ಮಾಡುತ್ತಿದ್ದರು. 'ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು' ಎಂಬ ಮಾತಿದೆಯಲ್ಲ, ಆ ಒಳಗಿನದನ್ನು ಕಂಬ ಕಂಬವಾಗಿ ಬರೆದಿಡುವುದು ಅವರ ಆಸೆ. ನಾನು ಪ್ರತಿ ಭಾನುವಾರ ಆ ಫೋಲ್ಡರನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ಎಳೆದು ಬಿಡುತ್ತಿದ್ದೆ. 'ಹಳೆಯದರ ಮೇಲೆ ಬರೆಯಲೇ?' ಎಂದು ಯಂತ್ರ ಕೇಳುತ್ತಿತ್ತು. ಹೂಂ ಅನ್ನುತ್ತಿದ್ದೆ. ಒಂದು ಸಂಜೆ ಫೈಲು ಸೇವ್ ಆಗುತ್ತಿರುವಾಗಲೇ ಕರೆಂಟು ಹೋಯಿತು. ಹೆಸರು ಉಳಿಯಿತು, ಹೊಟ್ಟೆ ಖಾಲಿ: 0 ಕೆ.ಬಿ. ಅಪ್ಪಾಜಿ ಆ ವಾರ ತೋಟದ ಕೆಲಸದಲ್ಲಿದ್ದರು, ತೆರೆದು ನೋಡಲಿಲ್ಲ. ಭಾನುವಾರ ಯಂತ್ರ ಎಂದಿನಂತೆ ಕೇಳಿತು. ನಾನು ಎಂದಿನಂತೆ ಹೂಂ ಅಂದೆ.

"ಎಲ್ಲಾ ಕಾಪಿ ಮಾಡೀನಿ ಅಂತಿದ್ದೆಲ್ಲೋ?" ಎಂದಷ್ಟೇ ಕೇಳಿದರು ಅಪ್ಪಾಜಿ, ಕೊನೆಗೆ ಫೈಲು ತೆರೆದ ದಿನ. ಕಾಪಿ ಮಾಡಿದ್ದೆ, ನಿಜ. ಸೊನ್ನೆಯನ್ನೂ ಶ್ರದ್ಧೆಯಿಂದ ಕಾಪಿ ಮಾಡಿದ್ದೆ.

ಪ್ರತಿ ಬೇರೆ, ಬ್ಯಾಕಪ್ ಬೇರೆ. ಪ್ರತಿಗೆ ಇವತ್ತಿನ ಸ್ಥಿತಿ ಮಾತ್ರ ಗೊತ್ತು. ಬ್ಯಾಕಪ್ಪಿಗೆ ನಿನ್ನೆ, ಮೊನ್ನೆ, ಹೋದ ಜಾತ್ರೆಯ ದಿನದ ಸ್ಥಿತಿಯೂ ಗೊತ್ತಿರಬೇಕು. ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್‌ನಂಥ ಸಿಂಕ್ ವ್ಯವಸ್ಥೆಗಳೂ ಮೂಲತಃ ಕನ್ನಡಿಗಳೇ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಅವು ಹಳೆಯದನ್ನು ಕೆಲವು ದಿನ ಇಟ್ಟುಕೊಳ್ಳುತ್ತವೆ ನಿಜ. ಆದರೆ ಕೆಟ್ಟದ್ದು ನಮಗೆ ಗೊತ್ತಾಗುವ ಹೊತ್ತಿಗೆ ಆ ದಿನಗಳೇ ಮುಗಿದಿರುತ್ತವೆ.

ಹಾಗಾದರೆ ದಿನದಿನದ ಸ್ಥಿತಿಯನ್ನೆಲ್ಲ ಇಡಲು ಜಾಗ ಎಲ್ಲಿಂದ? 200 ಜಿ.ಬಿ. ಫೋಟೊ ಇರುವ ಮನೆ ದಿನಕ್ಕೊಂದು ಪೂರ್ತಿ ಪ್ರತಿ ತೆಗೆದರೆ ಹತ್ತೇ ದಿನಕ್ಕೆ 2 ಟಿ.ಬಿ. ಡಿಸ್ಕು ಭರ್ತಿ. ಒಳ್ಳೆಯ ಬ್ಯಾಕಪ್ ಯಂತ್ರದ ಜಾಣತನವೆಲ್ಲ ಇರುವುದು ಇಲ್ಲೇ. ಅದು ಫೈಲನ್ನು ತುಂಡು ಮಾಡುತ್ತದೆ. ಪ್ರತಿ ತುಂಡಿನಿಂದ ಒಂದು ಬೆರಳಚ್ಚು ತೆಗೆಯುತ್ತದೆ. ಎಸ್‌ಎಚ್‌ಎ-256 ಎಂಬ ಗಣಿತದ ಗಾಣಕ್ಕೆ ಎಷ್ಟೇ ದೊಡ್ಡ ತುಂಡು ಹಾಕಿ, ಬರುವುದು 32 ಬೈಟು ಮಾತ್ರ. ಯೂನಿಕೋಡಿನ ಯುಟಿಎಫ್-8 ಲೆಕ್ಕದಲ್ಲಿ 'ಉಜ್ಜಿನಿ' ಎಂಬ ಹೆಸರೊಂದೇ 21 ಬೈಟು ಹಿಡಿಯುತ್ತದೆ. ತೇರಿನ ವಿಡಿಯೊದ ತುಂಡೊಂದರ ಗುರುತು ಅದಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ. ತುಂಡಿನಲ್ಲಿ ಒಂದೇ ಒಂದು ಬಿಟ್ ಬದಲಾದರೂ ಬೆರಳಚ್ಚು ಪೂರಾ ಬೇರೆ. ಈ ಬೆರಳಚ್ಚು ಡಿಸ್ಕಿನಲ್ಲಿ ಆಗಲೇ ಇದ್ದರೆ ತುಂಡನ್ನು ಮತ್ತೆ ಬರೆಯುವುದಿಲ್ಲ, 'ಹಳೆಯದೇ' ಎಂದು ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುತ್ತದೆ.

ತುಂಡು ಎಲ್ಲಿ ಕತ್ತರಿಸಬೇಕು ಎಂಬುದರಲ್ಲಿ ಸ್ವಾರಸ್ಯವಿದೆ. ಹೊಲವನ್ನು ಒಂದು ತುದಿಯಿಂದ ಸರಪಳಿ ಹಿಡಿದು ಅಳೆದು ಸಮನಾಗಿ ಭಾಗ ಮಾಡಿದ್ದೀರಿ ಅನ್ನಿ. ಆ ತುದಿಗೇ ನಾಲ್ಕು ಮಾರು ನೆಲ ಹೊಸದಾಗಿ ಸೇರಿದರೆ? ಎಲ್ಲರ ಬದುವೂ ನಾಲ್ಕು ಮಾರು ಜರುಗುತ್ತದೆ. ಅಪ್ಪಾಜಿ ಮೊದಲ ಪುಟದಲ್ಲಿ ಒಂದು ಪದ ಸೇರಿಸಿದರೆ, ಸಮ ಅಳತೆಯಲ್ಲಿ ಕತ್ತರಿಸಿದ ಎಲ್ಲ ತುಂಡುಗಳಿಗೂ ಆಗುವುದು ಇದೇ; ಎಲ್ಲವೂ ಹೊಸ ತುಂಡಾಗಿ ಕಾಣುತ್ತವೆ. ನಮ್ಮ ಹಳೇ ಖರೀದಿಪತ್ರಗಳು ಜಾಣತನದವು. ಅವು ಚಕ್ಕುಬಂದಿ ಹೇಳುತ್ತವೆ: ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಬನ್ನಿಮರ. ತುದಿಯಲ್ಲಿ ಎಷ್ಟೇ ನೆಲ ಸೇರಲಿ, ಬನ್ನಿಮರ ಇದ್ದಲ್ಲೇ ಇರುತ್ತದೆ. ರೆಸ್ಟಿಕ್, ಬೋರ್ಗ್ ಮುಂತಾದ ತಂತ್ರಾಂಶಗಳು ಮಾಡುವುದು ಹೀಗೆ. ಫೈಲಿನ ಉದ್ದಕ್ಕೂ ಒಂದು ಚಿಕ್ಕ ಕಿಟಕಿಯನ್ನು ಬೈಟು ಬೈಟಾಗಿ ಸರಿಸುತ್ತ, ಕಂಡ ಅಂಕಿಗಳ ಲೆಕ್ಕ ಒಂದು ನಿಶ್ಚಿತ ನಮೂನೆಗೆ ಬಿದ್ದ ಜಾಗದಲ್ಲಿ ಬದು ಹಾಕುತ್ತವೆ. ಗಡಿ ನಿರ್ಧರಿಸುವುದು ದೂರವಲ್ಲ, ಅಲ್ಲಿರುವ ಸರಕು. ಹಾಗಾಗಿ ಒಂದು ಪದ ಸೇರಿದರೆ ಒಂದೋ ಎರಡೋ ತುಂಡು ಹೊಸದಾಗುತ್ತದೆ, ಉಳಿದವು ಹಳೆಯವೇ. ಕಿಟಕಿ ಸರಿಸುತ್ತ ಲೆಕ್ಕ ಹಾಕುವ ಈ ಉಪಾಯಕ್ಕೆ ಹೆಸರು ತಂದುಕೊಟ್ಟದ್ದರಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ 1996ರಲ್ಲಿ ಹೊರತಂದ ಆರ್‌ಸಿಂಕ್ ಪ್ರಮುಖ. ದೂರದ ಕಂಪ್ಯೂಟರಿಗೆ ನಿಧಾನ ತಂತಿಯಲ್ಲಿ ಬದಲಾದಷ್ಟನ್ನೇ ಕಳಿಸುವುದು ಅವರ ಗುರಿಯಾಗಿತ್ತು.

ಬೆರಳಚ್ಚಿನ ಇನ್ನೊಂದು ಲಾಭ ನಮ್ಮ ಭಾಗದವರಿಗೆ ಬೇಗ ಅರ್ಥವಾಗುತ್ತದೆ. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಅಲ್ಲಿಗೆ ಸೇರಿತು. ಊರು ಕದಲಲಿಲ್ಲ, ವಿಳಾಸ ಬದಲಾಯಿತು. ಫೋಟೊಗಳನ್ನು 'ಬಳ್ಳಾರಿ' ಫೋಲ್ಡರಿನಿಂದ 'ವಿಜಯನಗರ' ಫೋಲ್ಡರಿಗೆ ಸರಿಸಿದಾಗ, ಹೆಸರು ನೋಡಿ ಕೆಲಸ ಮಾಡುವ ದಡ್ಡ ತಂತ್ರಾಂಶ ಎಲ್ಲವನ್ನೂ ಮತ್ತೆ ನಕಲು ಮಾಡುತ್ತದೆ. ಬೆರಳಚ್ಚು ನೋಡುವುದು ನಕ್ಕು ಸುಮ್ಮನಾಗುತ್ತದೆ.

ಬ್ಯಾಕಪ್ಪನ್ನು ಇಂಟರ್ನೆಟ್ ಮೂಲಕ ದೂರಕ್ಕೆ ಕಳಿಸುವವರು ಈ ಲೆಕ್ಕ ನೋಡಿ: ಅಪ್‌ಲೋಡ್ ವೇಗ ಸೆಕೆಂಡಿಗೆ 5 ಮೆಗಾಬಿಟ್ ಇದ್ದರೆ 200 ಜಿ.ಬಿ. ಕಳಿಸಲು ಎಡೆಬಿಡದೆ ಸುಮಾರು 89 ಗಂಟೆ ಬೇಕು. ದಿನದ ಬದಲಾವಣೆ 500 ಎಂ.ಬಿ. ಇದ್ದರೆ ಕಾಲು ಗಂಟೆಯೊಳಗೆ ಮುಗಿಯುತ್ತದೆ. ಮೊದಲ ಸಲದ ಯಾತನೆ ನೋಡಿ ಅನೇಕರು ಕೈಬಿಡುತ್ತಾರೆ. ಮೊದಲ ಪ್ರತಿಯನ್ನು ಡಿಸ್ಕಿಗೇ ತೆಗೆಯಿರಿ, ಊಟ ಮುಗಿಯುವುದರೊಳಗೆ ಆಗುತ್ತದೆ.

ಇನ್ನು ಯಾವುದನ್ನು ಆರಿಸಬೇಕು? ರೆಸ್ಟಿಕ್ ನನಗೆ ಇಷ್ಟ. ಆದರೆ ಅದಕ್ಕೆ ಬಟನ್ನುಗಳಿಲ್ಲ, ಕಪ್ಪು ಪರದೆಯಲ್ಲಿ ಆಜ್ಞೆ ಟೈಪಿಸಬೇಕು. ಬೋರ್ಗ್ ವಿಂಡೋಸ್ ಮನೆಯದಲ್ಲ, ಲಿನಕ್ಸ್‌ನದು. ಡುಪ್ಲಿಕಾಟಿ ಬ್ರೌಸರಿನಲ್ಲೇ ನಡೆಯುತ್ತದೆ, ನೋಡಲು ಸುಲಭ. ಆದರೆ ಕಂಪ್ಯೂಟರೇ ಹೋಗಿ ಹೊಸದರಲ್ಲಿ ತೆಗೆಯುವಾಗ ತನ್ನ ಪಟ್ಟಿಯನ್ನು ಮತ್ತೆ ಕಟ್ಟಿಕೊಳ್ಳಲು ತಾಳ್ಮೆ ಬೇಡುತ್ತದೆ. ಈ ಮೂರೂ ಬರೆದಿಟ್ಟದ್ದು ಅವಕ್ಕೇ ಓದಲು ಬರುವ ಭಾಷೆಯಲ್ಲಿ. ಪಾಸ್‌ವರ್ಡ್ ಹಾಕಿ ಗೂಢಲಿಪಿಯಲ್ಲಿಟ್ಟ ಮೇಲಂತೂ ಅದನ್ನು ಮರೆತರೆ ಹಗೇವಿನ ಚಪ್ಪಡಿಯನ್ನು ಯಾರೂ ಎತ್ತಲಾರರು. ಮನೆಯಲ್ಲಿ ಒಬ್ಬನಿಗೇ ಗೊತ್ತಿರುವ ಪಾಸ್‌ವರ್ಡ್ ಅವನ ಜೊತೆಗೇ ಹೋಗುತ್ತದೆ.

ಅದಕ್ಕೇ ಸಾಮಾನ್ಯ ಮನೆಗೆ ನಾನು ಹೇಳುವುದು ಜಾಣತನ ಕಡಿಮೆ ಇರುವ ದಾರಿ. ವಿಂಡೋಸ್ 8ರ ಜೊತೆ 2012ರಲ್ಲಿ ಬಂದ ಫೈಲ್ ಹಿಸ್ಟರಿ ಇಂದಿಗೂ ಕಂಟ್ರೋಲ್ ಪ್ಯಾನೆಲ್ಲಿನ ಮೂಲೆಯಲ್ಲಿ ಕೂತಿದೆ. ಫೈಲಿನ ಹೆಸರಿಗೆ ದಿನಾಂಕ, ಹೊತ್ತು ಸೇರಿಸಿ ಹಳೆಯ ಆವೃತ್ತಿಗಳನ್ನು ಸಾದಾ ಫೈಲಾಗಿಯೇ ಇಡುತ್ತದೆ. ಜಾಗ ಹೆಚ್ಚು ತಿನ್ನುತ್ತದೆ, ತಿನ್ನಲಿ. ನಾಳೆ ಮೈಕ್ರೋಸಾಫ್ಟ್ ಅದನ್ನು ತೆಗೆದುಹಾಕಿದರೂ ಡಿಸ್ಕನ್ನು ಯಾವ ಯಂತ್ರಕ್ಕೆ ಸಿಕ್ಕಿಸಿದರೂ ಓದಬಹುದು. ಫ್ರೀಫೈಲ್‌ಸಿಂಕ್ ಕೂಡ ಹೀಗೆಯೇ. ಅಳಿಸಿದ್ದನ್ನು, ಬದಲಾದದ್ದನ್ನು ಬೇರೆ ಫೋಲ್ಡರಿಗೆ ಎತ್ತಿಡುವ ಆಯ್ಕೆಯನ್ನು ಮಾತ್ರ ಮರೆಯದೆ ಒತ್ತಬೇಕು. ಕಂಪನಿಯನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಕ್ರ್ಯಾಶ್‌ಪ್ಲಾನ್ ಇದೆ. ಮನೆಯವರಿಗೆಂದೇ ಹೆಸರಾಗಿದ್ದ ಆ ಸೇವೆಯನ್ನು ನಿಲ್ಲಿಸುವುದಾಗಿ 2017ರಲ್ಲಿ ಸಾರಿದರು, 2018ರಲ್ಲಿ ನಿಲ್ಲಿಸಿಯೂಬಿಟ್ಟರು.

ಯಾವುದೇ ಆದರೂ ಡಿಸ್ಕನ್ನು ಸದಾ ಸಿಕ್ಕಿಸಿ ಬಿಡಬಾರದು. 2017ರ ಮೇ ತಿಂಗಳಲ್ಲಿ ಹಬ್ಬಿದ ವನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ಜೋಡಿಸಿಟ್ಟ ಡಿಸ್ಕುಗಳಿಗೂ ಬೀಗ ಹಾಕಿ ಹಣ ಕೇಳಿತು. ಪೆನ್‌ಡ್ರೈವ್ ನೆಚ್ಚಿಕೊಳ್ಳುವವರಿಗೂ ಒಂದು ಮಾತು: ಅದರಲ್ಲಿ ಅಕ್ಷರ ನಿಲ್ಲುವುದು ಸಿಕ್ಕಿಹಾಕಿಕೊಂಡ ವಿದ್ಯುದಾವೇಶದ ಮೇಲೆ, ವರ್ಷಗಟ್ಟಲೆ ಕಪಾಟಿನಲ್ಲಿಟ್ಟರೆ ಅದು ಸೋರುತ್ತದೆ.

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಲ್ಲಿ. ಈ 3-2-1 ಸೂತ್ರವನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್. ಅತ್ತಿಮಬ್ಬೆ ಹತ್ತನೆಯ ಶತಮಾನದಲ್ಲೇ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದಳು ಎಂದು ನಾವು ಎದೆಯುಬ್ಬಿಸಬಹುದು, ಆದರೆ ನಮ್ಮ ಮನೆಯ ಫೈಲಿಗೆ ಎರಡನೆಯ ಪ್ರತಿಯೂ ನೆಟ್ಟಗಿರಲಿಲ್ಲ. ಪಿಕ್ಸಾರ್ ಕಂಪನಿಯ ಗತಿಯೂ ಅಷ್ಟೇ ಆಗಿತ್ತು. 1998ರಲ್ಲಿ ಯಾರೋ ಕೊಟ್ಟ ಒಂದು ಆಜ್ಞೆಗೆ 'ಟಾಯ್ ಸ್ಟೋರಿ 2' ಚಿತ್ರದ ಬಹುಭಾಗ ಅಳಿಸಿಹೋಯಿತು. ಬ್ಯಾಕಪ್ ತೆಗೆದು ನೋಡಿದರೆ ಅದೂ ಕೆಟ್ಟಿತ್ತು; ಅಲ್ಲಿಯವರೆಗೆ ಯಾರೂ ತೆಗೆದು ನೋಡಿರಲಿಲ್ಲ. ಹಸುಗೂಸಿದ್ದ ಕಾರಣ ಮನೆಯಿಂದ ಕೆಲಸ ಮಾಡುತ್ತಿದ್ದ ಗೇಲಿನ್ ಸಸ್‌ಮನ್ ಅವರ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಸಿಕ್ಕಿತು.

ನಮಗೂ ಒಂದು ಸಿಕ್ಕಿತು. ಹಡಗಲಿಯ ಚಿಕ್ಕಪ್ಪನಿಗೆ ಅಪ್ಪಾಜಿ ಎರಡು ವರ್ಷದ ಹಿಂದೆ ಓದಲಿಕ್ಕೆಂದು ಮೇಲ್‌ನಲ್ಲಿ ಕಳಿಸಿದ್ದರು. ಇಳಿಸಿಕೊಂಡು ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದರೆ ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರ, ತಲೆಮೇಲೆ ಚುಕ್ಕಿ, ಗೀಟು. ಬೈಟು ಒಂದೂ ಕೆಟ್ಟಿರಲಿಲ್ಲ. ನುಡಿ, ಬರಹದ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲೇ ಕನ್ನಡದ ಚೂರುಗಳನ್ನು ಕೂರಿಸಿದ್ದವು. ಆ ಫಾಂಟು ಇಲ್ಲದ ಯಂತ್ರಕ್ಕೆ ಮನೆಯ ಮೂಲ ಯಜಮಾನನೇ ಕಾಣುತ್ತಾನೆ. ಫಾಂಟು ಹುಡುಕಿ ಹಾಕಿ, ಯೂನಿಕೋಡಿಗೆ ಬದಲಿಸಿ, ಒಡೆದ ಒತ್ತಕ್ಷರಗಳನ್ನು ಕೂತು ತಿದ್ದಿದೆವು. ಕನ್ನಡದಲ್ಲಿ 2000ದ ಆಚೀಚೆ ಟೈಪು ಮಾಡಿಟ್ಟದ್ದೇನಾದರೂ ನಿಮ್ಮಲ್ಲಿದ್ದರೆ, ಫೈಲಿನ ಪಕ್ಕದಲ್ಲೇ ಆ ಫಾಂಟನ್ನೂ ಇಡಿ. ಈ ಮಾತನ್ನು ಯಾವ ಬ್ಯಾಕಪ್ ತಂತ್ರಾಂಶವೂ ನಿಮಗೆ ಹೇಳುವುದಿಲ್ಲ.

ಮಾರ್ಚ್ 31 ವಿಶ್ವ ಬ್ಯಾಕಪ್ ದಿನವಂತೆ. ನಮಗೆ ನೆನಪಿರುವುದು ಜಾತ್ರೆ. ವರ್ಷಕ್ಕೊಮ್ಮೆ ಉಜ್ಜಿನಿ ಗುಡಿಯ ಶಿಖರಕ್ಕೆ ತೈಲಾಭಿಷೇಕ ಆಗುತ್ತದೆ. ಕೊಡಗಟ್ಟಲೆ ಎಣ್ಣೆ ಕಲ್ಲಿನ ಮೇಲೆ ಇಳಿಯುವುದನ್ನು ನೋಡಲು ಊರೆಲ್ಲ ನೆರೆಯುತ್ತದೆ. ಅದರ ಹಿಂದಿನ ದಿನ ನಾನು ಡಿಸ್ಕನ್ನು ನಮ್ಮದಲ್ಲದ ಒಂದು ಯಂತ್ರಕ್ಕೆ ಸಿಕ್ಕಿಸಿ, ಕಣ್ಣುಮುಚ್ಚಿ ಮೂರು ಫೈಲು ಆರಿಸಿ ತೆಗೆಯುತ್ತೇನೆ: ಒಂದು ಪಹಣಿ, ಒಂದು ಫೋಟೊ, ಅಪ್ಪಾಜಿಯ ಒಂದು ಅಧ್ಯಾಯ. ಅಪ್ಪಾಜಿ ಪಕ್ಕದಲ್ಲಿ ಕೂತು ತಮ್ಮದೊಂದನ್ನು ಗಟ್ಟಿಯಾಗಿ ಓದುತ್ತಾರೆ. ಹೋದ ಸಲ ಪಹಣಿ ತೆರೆಯಲಿಲ್ಲ. ಡಿಸ್ಕು ಸರಿಯಿತ್ತು, ಆ ಫೈಲಿಗೆ ಹಾಕಿದ್ದ ಪಾಸ್‌ವರ್ಡ್ ನನಗೆ ನೆನಪಾಗಲಿಲ್ಲ. ಈಗ ಅದು ದೇವರ ಮನೆಯ ಗೂಡಿನಲ್ಲಿ, ಹೊಲದ ಕಾಗದಪತ್ರಗಳ ಗಂಟಿನೊಳಗೆ, ಅಪ್ಪಾಜಿಯ ಕೈಬರಹದಲ್ಲಿದೆ.