ಚದುರಂಗದ ಗೋಧಿಯೂ ಪಿಂಗಳನ ಗಣಿತವೂ

ಚದುರಂಗವನ್ನು ಕಲ್ಪಿಸಿದ ಪಂಡಿತನು ಅರಸನಲ್ಲಿ ಬೇಡಿದ ಗೋಧಿಯ ಕಥೆಯನ್ನು ಕೇಳದ ಗೃಹಸ್ಥರು ವಿರಳ. ಮೊದಲನೆಯ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು. ಹೀಗೆ 64 ಮನೆಗಳಿಗೂ ಇಮ್ಮಡಿ ಇಮ್ಮಡಿ. 13ನೆಯ ಶತಮಾನದ ಅರಬ್ಬೀ ಗ್ರಂಥಕಾರನಾದ ಇಬ್ನ್ ಖಲ್ಲಿಕಾನನು ಇದನ್ನು ಬರೆದಿಟ್ಟಿರುವನು. ಒಟ್ಟು ಮೊತ್ತವು 1,84,46,74,40,73,70,95,51,615 ಕಾಳು. ಗ್ರಾಮಿಗೆ 25 ಕಾಳೆಂದು ಹಿಡಿದರೂ, ಇಂದು ಜಗತ್ತೆಲ್ಲವೂ ಬೆಳೆಯುವ ಗೋಧಿಯನ್ನು ಸುಮಾರು 900 ವರ್ಷ ಕೂಡಿಡಬೇಕಾದೀತು. ಅರಸನ ಪಾಡು ಹಾಗಿರಲಿ. ಕಥೆ ಹೇಳುವವರು ಇಲ್ಲಿಗೇ ನಿಲ್ಲಿಸಿಬಿಡುವರು. ಈ ಸಂಖ್ಯೆಯ ಸೊಗಸು ಮೊದಲಾಗುವುದೇ ಇಲ್ಲಿಂದ.

ಯಾವ ಮನೆಯ ಕಾಳಾದರೂ ಅದರ ಹಿಂದಿನ ಮನೆಗಳ ಮೊತ್ತಕ್ಕಿಂತ ಒಂದು ಹೆಚ್ಚು: 1, 2, 4 ಕೂಡಿದರೆ 7, ಮುಂದಿನ ಮನೆ 8. ಆದುದರಿಂದ 65ನೆಯ ಮನೆಯೊಂದು ಇದ್ದಿದ್ದರೆ ಅದಕ್ಕೆ ಸಲ್ಲತಕ್ಕುದರಲ್ಲಿ ಒಂದನ್ನು ಕಳೆದರೆ ಸಾಕು. ಅದಕ್ಕಾಗಿ 64 ಸಲ ಇಮ್ಮಡಿಸುವ ಶ್ರಮವೂ ಬೇಡ. ಗುರುಲಘುಗಳ ವೃತ್ತಭೇದಗಳನ್ನು ಎಣಿಸಲು ಪಿಂಗಳಾಚಾರ್ಯನು ಛಂದಃಸೂತ್ರದಲ್ಲಿ ಅರ್ಧಿಸಿ ವರ್ಗಿಸುವ ಉಪಾಯವನ್ನು ಹೇಳಿರುವನಷ್ಟೆ. 64ನ್ನು ಆರು ಸಲ ಅರ್ಧಿಸಿದರೆ 1. ಹಾಗೆಯೇ 2ನ್ನು ಆರು ಸಲ ವರ್ಗಿಸಿದರೆ 4, 16, 256, 65,536, 4,29,49,67,296, ಕಡೆಗೆ ನಮ್ಮ ಸಂಖ್ಯೆಗಿಂತ ಒಂದು ಹೆಚ್ಚಿನದು. ಛಂದಸ್ಸನ್ನು ಒಣಶಾಸ್ತ್ರವೆಂದು ಹಳಿಯುವವರು ಇದನ್ನು ಸ್ಲೇಟಿನ ಮೇಲೆ ಮಾಡಿ ನೋಡಲಿ.

ಇದೇ ದಾರಿಯಿಂದ ಸಂಖ್ಯೆಯ ಭಾಜಕಗಳೂ ದೊರೆಯುವುವು. ವರ್ಗದಲ್ಲಿ ಒಂದನ್ನು ಕಳೆದರೆ, ಮೂಲಕ್ಕೆ ಒಂದು ಕೂಡಿದ್ದು ಮತ್ತು ಮೂಲದಲ್ಲಿ ಒಂದು ಕಳೆದದ್ದು, ಇವೆರಡರ ಗುಣಲಬ್ಧ ಬರುವುದು: 256ರಲ್ಲಿ ಒಂದು ಕಳೆದರೆ 17 ಮತ್ತು 15ರ ಗುಣಲಬ್ಧ. ಮೇಲಿನಿಂದ ಕೆಳಗಿನವರೆಗೂ ಹೀಗೆ ಒಡೆಯುತ್ತ ಬಂದರೆ ಗೋಧಿಯ ರಾಶಿಯು 3, 5, 17, 257, 65,537 ಮತ್ತು 4,29,49,67,297 ಎಂಬ ಆರರ ಗುಣಲಬ್ಧವಾಗಿ ನಿಲ್ಲುವುದು.

ಮೊದಲ ಐದೂ ಅವಿಭಾಜ್ಯಗಳು. 17ನೆಯ ಶತಮಾನದಲ್ಲಿ ಫ್ರಾನ್ಸಿನ ಫರ್ಮಾ ಎಂಬ ನ್ಯಾಯಾಧಿಕಾರಿಯು, ಗಣಿತದಲ್ಲಿ ಅಸಾಧಾರಣನು, ಈ ವಂಶದ ಸಂಖ್ಯೆಗಳೆಲ್ಲವೂ ಅವಿಭಾಜ್ಯವೆಂದೇ ನಂಬಿದನು. ಆರನೆಯದು ಆ ನಂಬಿಕೆಯನ್ನು ಮುರಿಯಿತು. 1732ರಲ್ಲಿ ಆಯ್ಲರನು ಅದು 641 ಮತ್ತು 67,00,417 ಇವುಗಳ ಗುಣಲಬ್ಧವೆಂದು ತೋರಿಸಿದನು. ಕಂಡಕಂಡ ಸಂಖ್ಯೆಗಳಿಂದೆಲ್ಲ ಭಾಗಿಸಬೇಕಾಗಿಲ್ಲ. ಇದರ ಅವಿಭಾಜ್ಯ ಭಾಜಕವನ್ನು 64ರಿಂದ ಭಾಗಿಸಿದರೆ ಶೇಷವು ಒಂದೇ ಆಗಬೇಕೆಂದು ಅವನೇ ಮುಂದೆ ಸಾಧಿಸಿದನು. ಅಂತಹ ಅವಿಭಾಜ್ಯಗಳು 193, 257, 449, 577, 641. ಐದನೆಯ ಯತ್ನದಲ್ಲಿಯೇ ಬೀಗ ತೆರೆಯುವುದು! ಮನೆಯ ಮಕ್ಕಳಿಗೆ ಒಂದು ಸಂಜೆಯ ಕೆಲಸ.

65,537ರ ಮುಂದೆ ಈ ವಂಶದಲ್ಲಿ ಬೇರೊಂದು ಅವಿಭಾಜ್ಯವು ಇದುವರೆಗೂ ದೊರೆತಿಲ್ಲ. ದೊರೆತರೆ ರೇಖಾಗಣಿತಕ್ಕೂ ಲಾಭವುಂಟು. 1796ರಲ್ಲಿ ಇನ್ನೂ ಹತ್ತೊಂಬತ್ತು ತುಂಬದ ಗೌಸನು, ಕೈವಾರ ಮತ್ತು ಅಳತೆಯಿಲ್ಲದ ಪಟ್ಟಿಯಿಂದಲೇ 17 ಭುಜಗಳ ಸಮಭುಜಾಕೃತಿಯನ್ನು ರಚಿಸಬಹುದೆಂದು ಕಂಡುಹಿಡಿದನು. ಬೆಸ ಸಂಖ್ಯೆಯ ಭುಜಗಳುಳ್ಳ ಆಕೃತಿಯು ಹೀಗೆ ಸಾಧ್ಯವಾಗಬೇಕಾದರೆ, ಆ ಸಂಖ್ಯೆಯು ಈ ವಂಶದ ಅವಿಭಾಜ್ಯವಾಗಿರಬೇಕು, ಇಲ್ಲವೆ ಒಂದೊಂದನ್ನೂ ಒಂದೇ ಸಲ ತೆಗೆದುಕೊಂಡ ಅವುಗಳ ಗುಣಲಬ್ಧವಾಗಿರಬೇಕು. ಐದನ್ನೂ ಗುಣಿಸಿದರೆ 4,29,49,67,295 ಆಗುವುದು. ಚದುರಂಗದ ಹಲಗೆಯ ಮೊದಲ 32 ಮನೆಗಳ ಕಾಳುಗಳೂ ನಿಖರವಾಗಿ ಇಷ್ಟೇ.