ಸೂಪರ್‌ಸೀಡ್ ಎಂದರೆ ಸಂಘ ಮುಚ್ಚಿತೆಂದಲ್ಲ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆ ಇಂಗ್ಲಿಷ್ ಓದದವರ ಕಿವಿಗೂ ಬೀಳುವ ಕ್ರಿಯಾಪದ ‘ಸೂಪರ್‌ಸೀಡ್’. ಹಾಲಿನ ಸಂಘ ಸೂಪರ್‌ಸೀಡ್ ಆಯಿತೆಂದರೆ ಸಂಘವೇ ಮುಳುಗಿತೆಂದು ಷೇರುದಾರರು ಗಾಬರಿಗೊಳ್ಳುವುದುಂಟು.

ಲ್ಯಾಟಿನ್ ಮೂಲದಲ್ಲಿ ಇದಕ್ಕೆ ‘ಮೇಲೆ ಕುಳಿತುಕೊಳ್ಳು’ ಎಂದರ್ಥ. ಒಂದರ ಸ್ಥಾನಕ್ಕೆ ಮತ್ತೊಂದು ಬಂದು ಮೊದಲಿನದು ನಿರುಪಯುಕ್ತವಾಗುವುದು ಇಂದಿನ ಅರ್ಥ. ಹೊಸ ಸುತ್ತೋಲೆ ಹಳೆಯದನ್ನು ಸೂಪರ್‌ಸೀಡ್ ಮಾಡುತ್ತದೆ. ಸರ್ಕಾರಿ ಸೇವೆಯಲ್ಲಿ ಹಿರಿಯರನ್ನು ಬಿಟ್ಟು ಕಿರಿಯರಿಗೆ ಬಡ್ತಿ ನೀಡುವುದಕ್ಕೂ ಇದೇ ಪದ. 1973ರಲ್ಲಿ ಎ.ಎನ್. ರೇ ಅವರನ್ನು ಸುಪ್ರೀಂ ಕೋರ್ಟ್‌ನ ಮುಖ್ಯ ನ್ಯಾಯಮೂರ್ತಿಯನ್ನಾಗಿ ನೇಮಿಸಿದಾಗ ಹೀಗೆ ಹಿಂದೆ ಸರಿಸಲ್ಪಟ್ಟ ಮೂವರಲ್ಲಿ ಕನ್ನಡನಾಡಿನ ಕೆ.ಎಸ್. ಹೆಗ್ಡೆ ಒಬ್ಬರು. ಮೂವರೂ ರಾಜೀನಾಮೆಯಿತ್ತರು.

ಸಹಕಾರ ಸಂಘಗಳ ವಿಷಯದಲ್ಲಿ ಬದಲಾಗುವುದು ಆಡಳಿತ ಮಂಡಳಿ ಮಾತ್ರ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 30ನೇ ಕಲಮಿನಂತೆ ಕರ್ತವ್ಯಲೋಪ ಎಸಗಿದ ಮಂಡಳಿಯನ್ನು ನಿಬಂಧಕರು ತೆಗೆದು ಆಡಳಿತಾಧಿಕಾರಿಯನ್ನು ನೇಮಿಸಬಹುದು. ಅದಕ್ಕೆ ಮುನ್ನ ಮಂಡಳಿಗೆ ಆಕ್ಷೇಪಣೆ ಸಲ್ಲಿಸುವ ಅವಕಾಶವಿರಬೇಕು. ಸದಸ್ಯರ ಷೇರು, ಠೇವಣಿ, ಹಾಲಿನ ಬಾಕಿ ಹಣ ಸಂಘದ ಹೊಣೆಯಾಗಿಯೇ ಉಳಿಯುತ್ತವೆ. ಸಂಘವನ್ನೇ ಮುಗಿಸುವ ಸಮಾಪನೆ ಬೇರೆಯೇ ಕ್ರಮ. ‘ಸಂಘ ರದ್ದು’ ಎಂದು ಬರೆಯುವ ಪತ್ರಿಕೆಗಳಿಗೂ ಈ ಗೊಂದಲದಲ್ಲಿ ಪಾಲಿದೆ. ‘ಆಡಳಿತ ಮಂಡಳಿ ವಜಾ’ ಎಂದರೆ ಸಾಕು.

ಪುರಸಭೆ, ನಗರಸಭೆಗಳು ಹಿಂದೆ ವರ್ಷಗಟ್ಟಲೆ ಸೂಪರ್‌ಸೀಡ್ ಸ್ಥಿತಿಯಲ್ಲಿರುತ್ತಿದ್ದವು. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯ ಪ್ರಕಾರ ವಿಸರ್ಜನೆಯಾದ ಆರು ತಿಂಗಳೊಳಗೆ ಚುನಾವಣೆ ನಡೆಯಬೇಕು. ಉಳಿದ ಅವಧಿ ಆರು ತಿಂಗಳಿಗಿಂತ ಕಡಿಮೆಯಿದ್ದರೆ ಅದಕ್ಕಾಗಿ ಬೇರೆ ಚುನಾವಣೆ ಕಡ್ಡಾಯವಲ್ಲ. ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿ ಬಂದರೆ ಅದನ್ನು ಸೂಪರ್‌ಸೀಡ್ ಎನ್ನಲಾಗದು.