ಡಿಸ್ಕ್ ಮುಟ್ಟದ ಜಿಪ್

ವರ್ಷದ ಸಂಬಳದ ಚೀಟಿಗಳನ್ನೆಲ್ಲ ಆರಿಸಿ ಡೌನ್‌ಲೋಡ್ ಒತ್ತಿದರೆ ಒಂದೇ ಜಿಪ್ ಫೈಲ್ ಬರುತ್ತದೆ. ಎಷ್ಟೋ ಕಡೆ ಅದು ಸರ್ವರಿನ ಡಿಸ್ಕ್ ಮೇಲೆ ಕೂರುವುದೇ ಇಲ್ಲ. ಮೆಮೊರಿಯಲ್ಲೇ ಸಿದ್ಧವಾಗಿ ನೇರ ನಮ್ಮತ್ತ ಹೊರಡುತ್ತದೆ. ತಾತ್ಕಾಲಿಕ ಫೈಲ್ ಮಾಡಿ ಅಳಿಸಲು ಮರೆತರೆ ಒಬ್ಬರ ಸಂಬಳದ ವಿವರ ಅಲ್ಲೇ ಬಿದ್ದಿರುತ್ತದೆ. ಆ ಅಪಾಯವನ್ನು ಮೊದಲೇ ತಪ್ಪಿಸುವ ಈ ಪದ್ಧತಿ ನನಗೆ ಬಹಳ ಇಷ್ಟ.

ಪೈಥಾನ್‌ನಲ್ಲಿ ಇದು ಕೆಲವೇ ಸಾಲಿನ ಕೆಲಸ. ‘ಬೈಟ್ಸ್‌ಐಒ’ ಮೆಮೊರಿಯ ಒಂದು ಭಾಗವನ್ನು ಫೈಲಿನಂತೆ ಬಳಸಲು ಕೊಡುತ್ತದೆ. ಡಿಸ್ಕಿನ ವಿಳಾಸದ ಬದಲು ಅದನ್ನೇ ‘ಜಿಪ್‌ಫೈಲ್’ಗೆ ಒಪ್ಪಿಸಿ, ‘ರೈಟ್‌ಸ್ಟರ್’ ಮೂಲಕ ಹೆಸರು ಮತ್ತು ಮಾಹಿತಿಯನ್ನು ಒಂದೊಂದಾಗಿ ಸೇರಿಸಬೇಕು. ‘ಜಿಪ್ ಡಿಫ್ಲೇಟೆಡ್’ ಎಂದು ಬಿಡಿಸಿ ಹೇಳದಿದ್ದರೆ ಎಲ್ಲವೂ ಇದ್ದ ಗಾತ್ರದಲ್ಲೇ ಉಳಿಯುತ್ತದೆ, ಕುಗ್ಗುವುದಿಲ್ಲ.

ಹೊಸಬರು ಎಡವುವುದು ಕೊನೆಯಲ್ಲಿ. ಪುಸ್ತಕದ ಪರಿವಿಡಿ ಮೊದಲಿಗಿದ್ದರೆ ಜಿಪ್‌ನ ಪರಿವಿಡಿ ಕಟ್ಟಕಡೆಗೆ. 1989ರಲ್ಲಿ ಅಮೆರಿಕದ ಮಿಲ್ವಾಕೀಯ ಫಿಲ್ ಕಾಟ್ಜ್ ಹೊರತಂದ ವಿನ್ಯಾಸವಿದು. ಅವರ ಹೆಸರಿನ ‘ಪಿಕೆ’ ಅಕ್ಷರಗಳು ಇಂದಿಗೂ ಪ್ರತಿ ಜಿಪ್‌ನಲ್ಲಿವೆ. ಹೊಸದೊಂದು ಸೇರಿದಾಗ ಹಳೆಯದನ್ನೆಲ್ಲ ತಿದ್ದಬೇಕಿಲ್ಲ, ಪರಿವಿಡಿಯನ್ನಷ್ಟೇ ಬರೆದರಾಯಿತು. ಅದನ್ನು ಬರೆಯುವುದು ‘ಕ್ಲೋಸ್’ ಮಾಡಿದಾಗ. ಅದಕ್ಕೂ ಮೊದಲೇ ಬೈಟ್‌ಗಳನ್ನು ಕಳಿಸಿಬಿಟ್ಟರೆ, ಮಾಹಿತಿ ಇದ್ದರೂ ಆಚೆಯವರಿಗೆ ಫೈಲ್ ಕೆಟ್ಟಿದೆ ಎಂಬ ಸಂದೇಶ ಕಾಣುತ್ತದೆ. ಏನೂ ತುಂಬದೆ ಮುಚ್ಚಿದ ಜಿಪ್‌ಗೂ 22 ಬೈಟ್ ತೂಕವಿರುತ್ತದೆ: ಅದು ಪರಿವಿಡಿಯ ಕೊನೆಯ ಗುರುತು.

ಕುಗ್ಗಿಸುವ ಡಿಫ್ಲೇಟ್ ವಿಧಾನದ ಬೇರು ಲೆಂಪೆಲ್ ಮತ್ತು ಜಿವ್ ಅವರ 1977ರ ಕೆಲಸದಲ್ಲೂ ಹಫ್‌ಮನ್ ಅವರ 1952ರ ಸಂಕೇತದಲ್ಲೂ ಇದೆ. ಬಂದದ್ದೇ ಮತ್ತೆ ಬಂದರೆ, ‘ಇಷ್ಟು ಹಿಂದೆ, ಇಷ್ಟು ಉದ್ದ’ ಎಂದಷ್ಟೇ ಬರೆದುಕೊಳ್ಳುತ್ತದೆ. ಹಿಂದೆ ನೋಡುವುದು 32 ಕಿಲೋಬೈಟ್‌ವರೆಗೆ. ಇಲ್ಲಿ ಕನ್ನಡಕ್ಕೊಂದು ಲಾಭವಿದೆ. ಯುಟಿಎಫ್-8ರಲ್ಲಿ ಕನ್ನಡದ ಮೂಲಾಕ್ಷರ, ಗುಣಿತದ ಚಿಹ್ನೆ ಪ್ರತಿಯೊಂದಕ್ಕೂ ಮೂರು ಬೈಟ್. ಅದರಲ್ಲಿ ಮೊದಲ ಬೈಟ್ ಸದಾ ಒಂದೇ, ಎರಡನೆಯದಕ್ಕೆ ಎರಡೇ ಆಯ್ಕೆ. ಹಾಗಾಗಿ ಕನ್ನಡ ಬರಹ ಚೆನ್ನಾಗಿ ಕುಗ್ಗುತ್ತದೆ. ಜೆಪೆಗ್ ಫೋಟೊ ಮೊದಲೇ ಕುಗ್ಗಿರುವುದರಿಂದ ಮತ್ತೆ ಹಿಂಡಿದರೂ ಹೆಚ್ಚೇನೂ ಸಿಗದು.

ಮೆಮೊರಿಗೂ ಮಿತಿಯಿದೆ. ನೂರು ಜನ ಒಟ್ಟಿಗೆ ದೊಡ್ಡ ಫೈಲ್ ಕೇಳಿದರೆ ಸರ್ವರ್ ಏದುಸಿರು ಬಿಡುತ್ತದೆ. ಅಂಥ ಕಡೆ ‘ಸ್ಪೂಲ್ಡ್ ಟೆಂಪರರಿ ಫೈಲ್’ ಬಳಸಬೇಕು: ಹೇಳಿದ ಗಾತ್ರದವರೆಗೆ ಮೆಮೊರಿಯಲ್ಲಿಟ್ಟು, ಮೀರಿದರೆ ಮಾತ್ರ ಡಿಸ್ಕಿಗೆ ಹಾಕುತ್ತದೆ, ಮುಚ್ಚಿದಾಗ ತಾನೇ ಅಳಿಸುತ್ತದೆ.